ಹಾಸಿನ ಬೀದಿಯ ಮಾತು

ಕೊಳ್ಳೇಗಾಲದ ಮೊದಲ ಬೆಳಿಗ್ಗೆ ನಮ್ಮ ಜಟಕಾ ನಡುಬೀದಿಯಲ್ಲಿ ನಿಂತುಬಿಟ್ಟಿತು. ಎದುರಿಗೆ, ಸೊಂಟದ ಎತ್ತರದಲ್ಲಿ, ಕೆಂಪು ರೇಷ್ಮೆ ಎಳೆಗಳು ಬೀದಿಯ ಈ ತುದಿಯಿಂದ ಆ ತುದಿಗೆ ಬಿಗಿದು ನಿಂತಿದ್ದವು. ನೇಕಾರರು ಇದನ್ನು ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದೆಳೆಗಳನ್ನು ಹೀಗೆ ಎಳೆದು ಕಟ್ಟಿ, ಅಕ್ಕಪಕ್ಕ ನಡೆಯುತ್ತ, ಕಡಿದದ್ದನ್ನು ಕೂಡಿಸುತ್ತಾರೆ. ಅಲ್ಲಿಯವರೆಗೆ ಬೀದಿಗೆ ಗಾಡಿಯಿಲ್ಲ.

"ಬಿಸ್ಲೇರಕ್ಕೆ ಮುಂಚೆ ಎತ್ಬುಡ್ತಾರೆ, ಕುಂತಿರವ್ವ," ಎಂದ ಜಟಕಾದವನು.

ಧಾರವಾಡದಲ್ಲಿ ಎಮ್ಮೆ ಅಡ್ಡ ಬಂದರೂ ಕೂಗಾಡುವ ನನ್ನ ಗಂಡ ಶ್ರೀಪಾದರು ತೆಪ್ಪಗೆ ಕುಳಿತರು. ಬ್ಯಾಂಕು ಅವರನ್ನು ಇಲ್ಲಿಗೆ ವರ್ಗ ಮಾಡಿತ್ತು. ನಾನು ವಾರಪತ್ರಿಕೆಯ ಉಪಸಂಪಾದಕಿಯ ಕೆಲಸ ಬಿಟ್ಟು, ಬಸುರಿ, ಅವರ ಹಿಂದೆ ಬಂದಿದ್ದೆ.

ಧಾರವಾಡದ ಮನೆಯೊಡೆಯ ಬಾಗಿಲಲ್ಲೇ ನಿಂತು ಬಾಡಿಗೆ ಕೇಳುತ್ತಾನೆ. ಇಲ್ಲಿನ ಒಡತಿ ಪುಟ್ಟತಾಯಮ್ಮ ಒಳಗೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. "ಇದೇನವ್ವ, ದಿನಾ ರೊಟ್ಟಿ ತಟ್ಟಿ ಕೈ ಬಿದ್ದೋಗಕಿಲ್ವಾ? ಒಂದ್ ಮುದ್ದೆ ತಿರುವ್ಬುಡು." ರಾಜ್ಯ ಒಂದಾಗಿ ಇಷ್ಟು ವರ್ಷವಾದರೂ ಅವರ ಪಾಲಿಗೆ ದೊಡ್ಡ ಕಚೇರಿಯೆಂದರೆ ಹಿಂದೆ ಈ ಊರಿಗೆ ಜಿಲ್ಲಾಕೇಂದ್ರವಾಗಿದ್ದ ಕೊಯಮತ್ತೂರೇ. ನನ್ನ ಮಾತು ಕೇಳಿದರೆ ಅವರಿಗೆ ನಗು. ನಾನೂ ನಗುತ್ತಿದ್ದೆ.

ದಿನ ತುಂಬುವ ಮೊದಲೇ ಮಗು ಸತ್ತು ಹುಟ್ಟಿತು. ಹೆಣ್ಣು ಎಂದರಷ್ಟೆ, ನನಗೆ ಮುಖ ತೋರಿಸಲಿಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು, ಹಿಂದಿರುಗಿ ಸ್ನಾನ ಮಾಡಿದರು. ಎಲ್ಲಿ ಹೂಳಿದಿರಿ ಎಂದು ಕೇಳಿದಾಗಲೆಲ್ಲ ಯಾರಾದರೂ ನೀರು ಕುಡಿಸುತ್ತಿದ್ದರು. ನನಗೆ ನಿದ್ದೆ ಬಾರದಾಯಿತು, ಅನ್ನ ಸೇರದಾಯಿತು. ಆಗ ನನ್ನನ್ನು ಏನು ಮಾಡಬೇಕೆಂಬ ಚರ್ಚೆ ನಡೆಯಿತು. ಬೆಟ್ಟಕ್ಕೆ ಹರಕೆ ಹೊರಬೇಕೆಂದರು ಪುಟ್ಟತಾಯಮ್ಮ. ಧಾರವಾಡಕ್ಕೆ ಕಳಿಸಿಬಿಡುವುದು ಎಂದರು ಶ್ರೀಪಾದರು. ನಾನು ಅದೇ ಕೋಣೆಯಲ್ಲಿದ್ದೆ.

ಹೆರಿಗೆ ಮಾಡಿಸಿದ ವೈದ್ಯೆ ಹೇಳಿದ್ದರಿಂದ ನನ್ನನ್ನು ಸುಶೀಲಮ್ಮನವರ ಬಳಿ ಕರೆದೊಯ್ದರು. ಅವರು ಪಕ್ಕದ ಹಳ್ಳಿ ಧನಗೆರೆಯವರು. ನೊಂದವರ ಜೊತೆ ಮಾತಾಡುವ ವಿದ್ಯೆಯನ್ನು ಬೆಂಗಳೂರಿನಲ್ಲಿ ಕಲಿತು ಬಂದು, ಬುಧವಾರಗಳಂದು ಧರ್ಮಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಊರವರ ಬಾಯಲ್ಲಿ ಮಾತಿನ ಡಾಕ್ಟ್ರಮ್ಮ.

"ನಿದ್ದೆ ಹೆಂಗಿದೆ?" ಎಂದು ನನ್ನನ್ನು ಕೇಳಿದರು.

"ನಿದ್ದೀನs ಇಲ್ರೀ, ರಾತ್ರಿ ಪೂರಾ ಕೂತಿರ್ತಾಳ," ಎಂದರು ನನ್ನ ಗಂಡ.

"ಊಟಾನೂ ಇಲ್ಲ ಕಣವ್ವ, ಗಾಳಿ ಸೋಕ್ಬುಟ್ಟದೆ," ಎಂದರು ಪುಟ್ಟತಾಯಮ್ಮ.

"ನಾನ್ ಕೇಳಿದ್ದು ಅವರನ್ನ." ಸುಶೀಲಮ್ಮ ಇಬ್ಬರನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿದರು.

ಇಂಥವರ ಬಳಿ ಹೋಗಬೇಕಾದೀತೆಂದು ಅಂಜುವ ಓದುಗರಿಗಾಗಿ ಕಂಡದ್ದನ್ನು ಬರೆಯುತ್ತೇನೆ. ಮಾತ್ರೆ ಇಲ್ಲ, ತಾಯತ ಇಲ್ಲ, ಉಪದೇಶವೂ ಇಲ್ಲ. ನಿಮಗೇನಾಗಿದೆ ಎಂದು ಅವರು ಹೇಳುವುದಿಲ್ಲ. ಅದು ನಿಮಗೇ ಹೆಚ್ಚು ಗೊತ್ತು, ಇಬ್ಬರೂ ಕೂಡಿ ಹುಡುಕೋಣ ಎನ್ನುತ್ತಾರೆ. ಬೇಡವಾದ ಪ್ರಶ್ನೆಗೆ ಉತ್ತರಿಸದೆ ಇರಬಹುದು. ಅವರ ಮಾತು ತಪ್ಪೆನಿಸಿದರೆ ತಪ್ಪು ಎನ್ನಬಹುದು. ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಅಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ.

ಕೊನೆಯ ಮಾತು ಅವತ್ತೇ ಸುಳ್ಳಾಯಿತು. ಕೋಣೆಗೆ ಕಿಟಕಿಯಿತ್ತು, ಕಿಟಕಿಯ ಹೊರಗೆ ಪುಟ್ಟತಾಯಮ್ಮ ಇದ್ದರು. ಸಂಜೆ ನಲ್ಲಿಯ ಬಳಿ ಹೋದರೆ ನಾನು ಅತ್ತದ್ದು, ಯಾಕೆ ಅತ್ತದ್ದು, ಎಲ್ಲ ನನಗಿಂತ ಮೊದಲೇ ಅಲ್ಲಿತ್ತು.

ಮುಂದಿನ ಬುಧವಾರ ಸುಶೀಲಮ್ಮನ ಮೇಲೆ ಕೂಗಾಡಿದೆ. ನಿಮ್ಮ ಗುಟ್ಟಿನ ಕೋಣೆಗಿಂತ ಸಂತೆ ವಾಸಿ ಎಂದೆ. ಅವರು ಸಮಜಾಯಿಷಿ ಕೊಡಲಿಲ್ಲ.

"ನನ್ ತಪ್ಪು. ಎಲ್ಲಿ ಮಾತಾಡಿದ್ರೆ ಸರಿ ಓಯ್ತದೆ, ನೀವೇ ಹೇಳಿ."

"ಹಾಸಿನ ಬೀದಿಯೊಳಗ," ಎಂದೆ. ಅಲ್ಲಿ ಎಲ್ಲರೂ ಕಾಣುತ್ತಾರೆ, ಯಾರೂ ಕೇಳಿಸಿಕೊಳ್ಳಲಾರರು. ನೇಕಾರರು ದೂರ ದೂರ ನಿಂತಿರುತ್ತಾರೆ. ನಮ್ಮ ಹಿಂದೆ ಬರಬೇಕೆಂದರೆ ಹಾಸಿನ ಪಕ್ಕ ಬಯಲಲ್ಲಿ ನಡೆದೇ ಬರಬೇಕು.

ಹಾಗೆ ಅದರ ಮುಂದಿನ ಬುಧವಾರ, ಬಿಸಿಲೇರುವ ಮೊದಲು, ಹಾಸಿನ ಆಚೆಗೊಬ್ಬರು ಈಚೆಗೊಬ್ಬರು ನಡೆದೆವು. ಮುದುಕ ನೇಕಾರನೊಬ್ಬ ರೇಗಿಸಿದ: "ಏನ್ ಡಾಕ್ಟ್ರಮ್ಮ, ನಮ್ ಹಾಸ್ಗೂ ಕಾಯ್ಲೆನಾ?"

"ಹಾಸ್ಗಲ್ಲ ಕಣಜ್ಜ, ನಿನ್ ಬಾಯ್ಗೆ."

ಪುಟ್ಟತಾಯಮ್ಮ ಜಗಲಿಯ ಮೇಲೆ ಕುಳಿತು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ನಿಮಗೇನು ಬೇಕು?" ಎಂದು ಕೇಳಿದರು ಸುಶೀಲಮ್ಮ. ಊರು ಮುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಯಾರೂ ನನಗೆ ಹಾಕಿರಲಿಲ್ಲ.

"ಮಗಳನ್ನ ಎಲ್ಲಿ ಹೂಳ್ಯಾರ, ನಾ ನೋಡಬೇಕು."

"ನಿಮ್ಮೆಜಮಾನ್ರನ್ನ ಯಾರು ಕೇಳೋದು? ನಾನೋ, ನೀವೋ?"

"ನಾನs."

"ಸರಿ. ನಾನೇ ಅವರು ಅಂದ್ಕೊಳ್ಳಿ, ಕೇಳಿ."

ಮೊದಲ ಸಲ ಬೇಡಿಕೊಂಡೆ. ಎರಡನೆಯ ಸಲ ಬೈದೆ. "ಬೈದ್ರೆ ಅವರು ಓಡೋಗ್ತಾರಾ, ನಿಂತ್ಕೋತಾರಾ?" ಎಂದರು. ಓಡಿಹೋಗುತ್ತಾರೆ ಎಂದೆ. ಇಬ್ಬರೂ ಸೇರಿ ಮಾತನ್ನು ಸಣ್ಣದು ಮಾಡಿದೆವು. ಹಾಳೆ ತುಂಬ ಬಂದ ಸುದ್ದಿಯನ್ನು ನಾಲ್ಕು ಸಾಲಿಗೆ ಇಳಿಸುವ ಕೆಲಸ ನನಗೆ ಹೊಸದಲ್ಲ.

ಅಂದೇ ಊಟದ ಹೊತ್ತಿಗೆ ಕೇಳಿದೆ. ಶ್ರೀಪಾದರು ತಟ್ಟೆ ನೋಡುತ್ತ, "ನಿನಗ ತ್ರಾಸ ಆಗಬಾರದಂತ ಹೇಳಲಿಲ್ಲ," ಎಂದರು.

"ತ್ರಾಸ ನನ್ನದು, ನನಗ ಬಿಡ್ರಿ. ಎಲ್ಲಿ ಅದ, ತೋರಸ್ರಿ."

ಕರೆದೊಯ್ದು ತೋರಿಸಿದರು: ಯಳಂದೂರು ರಸ್ತೆಯ ಪಕ್ಕ, ಕೆರೆ ಏರಿಯ ಕೆಳಗೆ, ಹುಣಸೆ ಮರದ ಬುಡದಲ್ಲಿ. ನಾಯಿ ಕೆದಕದಿರಲೆಂದು ಮುಳ್ಳು ಹಾಕಿ, ಮೇಲೆ ಕಲ್ಲು ಇಟ್ಟಿದ್ದರು. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ! ಅಷ್ಟು ದಿನ ನೀರು ಕುಡಿಸಿದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಸುಶೀಲಮ್ಮ ಅದನ್ನು ಇಳಿಸಿ ಎನ್ನಲಿಲ್ಲ. ನಿದ್ದೆ ಬರುತ್ತಿದೆಯೇ ಎಂದು ಕೇಳಿದರು, ಅಷ್ಟೆ. ಬರುತ್ತಿತ್ತು.

ದೀಪಾವಳಿಗೆ ಧಾರವಾಡಕ್ಕೆ ಹೋದೆ. ಯಾರೂ ಕಳಿಸಲಿಲ್ಲ, ನಾನಾಗಿ ಹೋದೆ, ಬೇಕೆನಿಸಿದಾಗ ಹೊರಟು ಬಂದೆ. ಅಲ್ಲಿ ನೆರೆಯಾಕೆ ಮಕ್ಕಳೆಷ್ಟು ಎಂದು ನನ್ನನ್ನು ಕೇಳಿದರೆ ಅವ್ವ ನಡುವೆ ಬಂದು, "ಇನ್ನೂ ಇಲ್ರೀ, ದೇವರು ಕೊಡ್ತಾನ," ಎಂದಳು. ಅಲ್ಲಿ ನನ್ನ ಮಾತಿಗೆ ಯಾರೂ ನಗುವುದಿಲ್ಲ. ಮಗಳ ಮಾತು ಮಾತ್ರ ಎತ್ತುವಂತಿಲ್ಲ.

ಮರಳಿದ ಮೇಲೆ, ಎದುರು ಮನೆಗೆ ಹೊಸದಾಗಿ ಬಂದ ಹೆಂಗಸು ನಲ್ಲಿಯ ಬಳಿ ಅದೇ ಪ್ರಶ್ನೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಹೇಳಿದರು:

"ಒಂದದೆ ಕಣವ್ವ. ಯಳಂದೂರ್ ರಸ್ತೇಲಿ, ಉಣ್ಸೆಮರದಡಿ."

ಕಣ್ಣು ತುಂಬಿತು, ಮೈ ಉರಿಯಿತು.

"ನಾನs ಹೇಳ್ತೀನಿ, ಬಿಡ್ರಿ!" ಎಂದೆ.

"ಏಳವ್ವ, ಯಾರ್ ಬ್ಯಾಡ ಅಂದೋರು?" ಎಂದು ಅವರು ನನ್ನ ಧಾರವಾಡದ ಮಾತಿಗೆ ನಕ್ಕರು.

ಕೊಡ ಕೆಳಗಿಟ್ಟು, ಹೊಸಬಳ ಕಡೆ ತಿರುಗಿ, ನನ್ನ ಮಾತಿನಲ್ಲೇ ಮೊದಲಿನಿಂದ ಹೇಳಿದೆ.