ದೋನ್ ಎಲಿಹಿಯೊ ಕಾರಿನ ಮಿದುಳು ಬದಲಿಸಿದ್ದು

ಇತಾಗುವಾ ಊರಿನ ಕ್ಷೌರಿಕ ದೋನ್ ಎಲಿಹಿಯೊ ಒವೆಲಾರ್ ಕಾರು ಹೊರಡಿಸುವ ಮುಂಚೆ ಡ್ಯಾಶ್‌ಬೋರ್ಡನ್ನು ಎರಡು ಸಲ ಮೆಲ್ಲಗೆ ತಟ್ಟುತ್ತಾನೆ. ವಿಷಯ ಇಷ್ಟೇ. ಆದರೆ ನಮ್ಮ ಬೀದಿ ಇಷ್ಟಕ್ಕೆ ಬಿಡುವ ಬೀದಿಯಲ್ಲ. ಆ ತಟ್ಟಿನ ಸದ್ದಿಗೆ ಪಕ್ಕದ ಓಣಿಯಲ್ಲಿ ದಿನ ಮೀರಿದ ಬಸುರಿಗೆ ನೋವು ಕಾಣಿಸಿಕೊಂಡು ಗಂಡು ಮಗುವಾಯಿತಂತೆ. ಕೆಟ್ಟು ಕೂತಿದ್ದ ಬೋರ್‌ವೆಲ್ ಪಂಪು ತಾನಾಗಿ ನೀರೆತ್ತಿತಂತೆ. ಚರ್ಚಿನ ಮೈಕು ಕೈಕೊಟ್ಟಾಗ ಪಾದ್ರಿಗಳು ಎಲೆಕ್ಟ್ರಿಷಿಯನ್‌ಗಿಂತ ಮೊದಲು ಕ್ಷೌರಿಕನಿಗೆ ಹೇಳಿಕಳಿಸಿದರಂತೆ. ಕಾರು ಶುರುವಾದಾಗ ಒಳಗಿನಿಂದ ಜಪಾನಿ ಹೆಂಗಸೊಬ್ಬಳ ದನಿ ಏನೋ ಉಸುರುತ್ತದೆ. ಅರ್ಥ ಯಾರಿಗೂ ತಿಳಿಯದು. ಎಲಿಹಿಯೊ ಮಾತ್ರ "ಆಯ್ತಮ್ಮ" ಎಂದು ಉತ್ತರ ಕೊಟ್ಟೇ ಮುಂದೆ ಹೋಗುತ್ತಾನೆ. ಕತ್ತರಿ ಹಿಡಿದರೆ ಗಿರಾಕಿಯೊಂದಿಗೆ ತುಟಿ ಬಿಚ್ಚದ ಮನುಷ್ಯ ಅವನು. ಹಾಗಾಗಿ ಈ ಒಂದು ಮಾತಿಗೂ ಬೀದಿಯಲ್ಲಿ ಬೆಲೆ ಬಂದಿತ್ತು.

ಅಂಥವನು ಈ ವರ್ಷ ಅತ್ತೆಗೆ ಫೋನಿನಲ್ಲಿ ಒಂದು ಇಡೀ ವಾಕ್ಯ ಆಡಿಬಿಟ್ಟ. "ಪವಿತ್ರ ಬುಧವಾರ ನಿಮ್ಮ ಮಗಳನ್ನ ನಾನೇ ಕರ್ಕೊಂಡ್ ಬರ್ತೀನಿ."

ಈಸ್ಟರಿಗೆ ಮುಂಚಿನ ಆ ಬುಧವಾರ ನಮ್ಮಲ್ಲಿ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ, ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ, ಸೋಂಪು ಹಾಕಿ ಚಿಪಾ ಕಲಸಿ, ಮಣ್ಣಿನ ಗೂಡೊಲೆಯಲ್ಲಿ ಬೇಯಿಸುತ್ತಾರೆ. ಶುಕ್ರವಾರ ಒಲೆ ಹಚ್ಚುವಂತಿಲ್ಲ, ಅದನ್ನೇ ತಿನ್ನಬೇಕು. ಹೋದ ವರ್ಷ ಎಲಿಹಿಯೊನ ಹೆಂಡತಿ ಬೆರ್ನಾರ್ದಾ ಮಂಡಿಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಅವಳಮ್ಮ ಮಗಳ ಪಾಲಿನ ಹಿಟ್ಟನ್ನು ಕಲಸಲು ಮನಸ್ಸಾಗದೆ ಹಾಗೇ ಎತ್ತಿಟ್ಟಳು. ಈ ವರ್ಷವೂ ಬೆರ್ನಾರ್ದಾಗೆ ಬಸ್ಸಿನ ಮೆಟ್ಟಿಲು ಹತ್ತುವುದೆಂದರೆ ಬೆಟ್ಟ. ಕಾರೇ ಗತಿ.

ಸೋಮವಾರ ಬೆಳಿಗ್ಗೆ ಆ ಕಾರು ಮೂರನೇ ಗೇರು ಹಿಡಿದು ಹಟಕ್ಕೆ ಕೂತಿತು. ನಿಂತಲ್ಲಿಂದ ಹೊರಡಲೂ ಮೂರು, ಏರಿಗೂ ಮೂರು, ಇಳಿಜಾರಿಗೂ ಮೂರು. ಎಲಿಹಿಯೊ ತಟ್ಟಿದ. ಕೆಂಪು ದೀಪವೊಂದು ಕಣ್ಣು ಮಿಟುಕಿಸಿತು. ಮತ್ತೆ ತಟ್ಟಿದ. ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು.

ಕಾರಿನ ವಯರಿಂಗ್ ನೋಡುವ ಫಿದೆಲಿನೊ ಸ್ಕ್ಯಾನರ್ ಚುಚ್ಚಿ ನೋಡಿದ.

"ಗೇರ್‌ಬಾಕ್ಸು ಗಟ್ಟಿಮುಟ್ಟಾಗಿದೆ ಮಾವ. ಅದಕ್ಕೆ ಅಪ್ಪಣೆ ಕೊಡೋ ಮಾಡ್ಯೂಲ್ ಸತ್ತಿದೆ. ರಾಜ ಹೋದ, ಸೈನ್ಯ ಮೂರನೇ ಗೇರಲ್ಲಿ ನಿಂತಿದೆ."

"ಬದಲಾಯ್ಸು," ಎಂದ ಎಲಿಹಿಯೊ.

"ಬದಲಾಯ್ಸ್ತೀನಿ. ಮೊದ್ಲು ಎಲ್ಲಿದೆ ಅಂತ ಸಿಗ್ಲಿ."

ಸಿಗುವುದು ಸುಲಭವಿರಲಿಲ್ಲ. ಇಂಥ ಹಳೇ ಕಾರುಗಳು ಜಪಾನಿನಿಂದ ಬಲಗಡೆ ಸ್ಟಿಯರಿಂಗ್ ಇಟ್ಟುಕೊಂಡು ಚಿಲಿಯ ಬಂದರಿಗೆ ಬಂದು ಇಳಿಯುತ್ತವೆ. ಅಲ್ಲಿ ಯಾರೋ ಪುಣ್ಯಾತ್ಮರು ಸ್ಟಿಯರಿಂಗ್ ಕಿತ್ತು, ನಮ್ಮ ರಸ್ತೆಗೆ ಬೇಕಾದಂತೆ ಎಡಕ್ಕೆ ನಾಟಿ ಮಾಡುತ್ತಾರೆ. ಆ ಗಡಿಬಿಡಿಯಲ್ಲಿ ಅಡ್ಡ ಬಂದ ಡಬ್ಬಿಗಳನ್ನೆಲ್ಲ ಎಲ್ಲಿ ಜಾಗವಿದೆಯೋ ಅಲ್ಲಿಗೆ ತುರುಕುತ್ತಾರೆ. ಕಂಪನಿಯ ಪುಸ್ತಕ ತೋರಿಸುವ ಜಾಗದಲ್ಲಿ ಫಿದೆಲಿನೊಗೆ ಸಿಕ್ಕಿದ್ದು ಒಂದು ಒಣಗಿದ ಜಿರಳೆ. ಮಂಗಳವಾರ ಇಡೀ ಅವನು ಕಾರಿನ ಹೊಟ್ಟೆ ಬಗೆದ. ಬೀದಿಯ ನಾವೆಲ್ಲ ಕುರ್ಚಿ ತಂದು, ಎಲೆಪುಡಿಗೆ ಐಸು ನೀರು ಹೊಯ್ದ ತೆರೆರೆಯನ್ನು ಒಂದೇ ಕೊಳವೆಯಲ್ಲಿ ಸರದಿಯಂತೆ ಹೀರುತ್ತ, ಆಳವಾದ ಸಲಹೆಗಳನ್ನು ಕೊಟ್ಟೆವು. ಎಲಿಹಿಯೊ ಸ್ಕ್ರೂಗಳ ತಟ್ಟೆ ಹಿಡಿದು ಅಲ್ಲಾಡದೆ ನಿಂತಿದ್ದ. ಶಸ್ತ್ರಚಿಕಿತ್ಸೆ ಕೋಣೆಯ ಹೊರಗೆ ನಿಂತ ಗಂಡಂದಿರ ಮುಖ ಹಾಗೇ ಇರುತ್ತದೆ.

ಬುಧವಾರ ಬೆಳಿಗ್ಗೆ ಬೆರ್ನಾರ್ದಾ ಕುಂಟುತ್ತ ಬಂದಳು. "ಮಧ್ಯಾಹ್ನ ಆದ್ಮೇಲೆ ಯಾರೂ ಸುತ್ತಿಗೆ ಮುಟ್ಟಲ್ಲ. ಸೋಮವಾರದವರೆಗೆ ಅಂಗಡಿ ಎಲ್ಲಾ ಮುಚ್ಚಿರತ್ತೆ. ಏನಪ್ಪಾ, ಇನ್ನೂ ಸಿಗ್ಲಿಲ್ವಾ?"

"ಇಲ್ಲ ಅತ್ತೆ."

"ನನ್ನ ಕಾಲ ಕೆಳಗೆ ಒಂದು ಬೆಚ್ಚಗಿನ ಡಬ್ಬಿ ಇದ್ಯಲ್ಲ, ಅದನ್ನ ನೋಡಿದ್ಯಾ?"

ಫಿದೆಲಿನೊ ತಲೆ ಎತ್ತಿದ. "ಬೆಚ್ಚಗಾ?"

"ಜಪಾನಲ್ಲಿ ಚಳಿ ಜಾಸ್ತಿಯಂತೆ. ಕಾಲು ಕಾಯ್ಸೋಕೆ ಇಟ್ಟಿರ್ತಾರೆ ಅಂದ್ಕೊಂಡಿದ್ದೆ."

ಅವಳ ಸೀಟಿನ ಮುಂದಿನ ಚಾಪೆ ಎತ್ತಿದರೆ ಅಲ್ಲೇ ಇತ್ತು. ಬಟ್ಟೆಯ ಟೇಪಿನಲ್ಲಿ ಸುತ್ತಿ ಕಟ್ಟಿದ್ದರು, ಮುರಿದ ಕೈಗೆ ಕಟ್ಟು ಹಾಕಿದ ಹಾಗೆ. ಪಿನ್ನುಗಳೆಲ್ಲ ಕೆರೆಯ ಪಾಚಿಯಂತೆ ಹಸಿರಾಗಿದ್ದವು. ಪಕ್ಕದಲ್ಲೇ ನೀರಿನ ಫ್ಲಾಸ್ಕಿನ ದುಂಡು ಗುರುತು.

"ತೆರೆರೆ ನೀರು ಇಲ್ಲಿಡ್ತೀರಾ ಮಾವ?"

"ಮತ್ತೆಲ್ಲಿಡ್ಲಿ?"

ನೆರೆದವರೆಲ್ಲ ತಮ್ಮ ತಮ್ಮ ಕಾರಿನ ಕಡೆ ತಿರುಗಿ ನೋಡಿದರು. ನಾವೂ ಅಲ್ಲೇ ಇಡುವವರು.

ಪಕ್ಕದೂರು ಕಾಪಿಯಾತಾದ ಗುಜರಿಯಲ್ಲಿ ಅದೇ ನಂಬರಿನ ಹಳೇ ಮಾಡ್ಯೂಲ್ ಸಿಕ್ಕಿತು. ಫಿದೆಲಿನೊ ಬ್ಯಾಟರಿ ಕಳಚಿ, ಸತ್ತದ್ದನ್ನು ಬಿಚ್ಚಿ, ಕನೆಕ್ಟರ್ ತಿಕ್ಕಿ ತೊಳೆದು, ಗುಜರಿಯದನ್ನು ಕೂರಿಸಿದ. ಜಾಗ ಬದಲಿಸಲು ವಯರು ಸಾಲಲಿಲ್ಲ. ಹಾಗಾಗಿ ನೀರು ತಾಗದಿರಲೆಂದು ಗಟ್ಟಿ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಬಾಯಿ ಮೇಲೆ ಮಾಡಿ, ಅಲ್ಲೇ ಕಟ್ಟಿದ. ಆಮೇಲೆ ಸ್ಕ್ಯಾನರ್ ಒತ್ತಿ ಹೇಳಿದ:

"ಫ್ಲಾಸ್ಕು ಇನ್ಮೇಲೆ ಇದ್ರ ಹತ್ರ ಇಡ್ಬೇಡಿ. ಇದು ಹಳೇ ಮಾಲೀಕನ ಚಾಳಿ ಕಲಿತಿರತ್ತೆ. ಎಲ್ಲಾ ಅಳಿಸಿದೀನಿ, ಈಗ ಹಸುಗೂಸು. ನೀವು ಹದವಾಗಿ ಓಡಿಸಿ, ನಿಮ್ಮ ಕಾಲು ನೋಡಿ ಅದು ಕಲಿಯತ್ತೆ."

"ಇಷ್ಟು ವರ್ಷ ನಾನು ಕಲಿಸಿದ್ದು ಒಂದೂ ಇವ್ರ ತಲೆಗೆ ಹೋಗಿಲ್ಲ," ಎಂದಳು ಬೆರ್ನಾರ್ದಾ. "ಇವ್ರು ಡಬ್ಬಿಗೆ ಪಾಠ ಹೇಳ್ತಾರಂತೆ."

ಮೊದಲ ಗೇರು, ಎರಡು, ಮೂರು, ನಾಲ್ಕು. ಕಾರು ಎಣ್ಣೆ ಹಚ್ಚಿದ ಹಾಗೆ ಜಾರಿತು. ಬೀದಿ ಚಪ್ಪಾಳೆ ತಟ್ಟಿತು. ಜಪಾನಿ ಹೆಂಗಸು ಮಾತಾಡಿದಳು, ಎಲಿಹಿಯೊ "ಆಯ್ತಮ್ಮ" ಎಂದ, ಜೋಡಿ ತವರಿನ ಕಡೆ ಹೊರಟಿತು.

ಇಪಕಾರಾಯಿ ದಾಟುವವರೆಗೂ ದಂಡಯಾತ್ರೆ ನಿರ್ವಿಘ್ನವಾಗಿ ಸಾಗಿತು. ಎಲಿಹಿಯೊ ಹಸುಗೂಸಿಗೆ ನಡಿಗೆ ಕಲಿಸುವವನಂತೆ ಪೆಡಲು ಒತ್ತುತ್ತಿದ್ದ. ಬಿಸಿಲು ಕುದಿಯುತ್ತಿತ್ತು. ಬೆರ್ನಾರ್ದಾ ತೆರೆರೆ ಹೊಯ್ದು ಗಂಡನ ಕೈಗೆ ಕೊಟ್ಟಳು, ಅವನು ಹೀರಿ ವಾಪಸು ಕೊಟ್ಟ, ಅವಳು ಮತ್ತೆ ಹೊಯ್ದಳು. ಓಡಿಸುವವನಿಗೆ ಹೆಂಡತಿ ತೆರೆರೆ ಕೊಡದಿದ್ದರೆ ಜಗಳವಾಗಿದೆ ಎಂದು ಎದುರಿನ ಲಾರಿಯವನೂ ತಿಳಿದುಕೊಳ್ಳುತ್ತಾನೆ. ಫಿದೆಲಿನೊ ಹೇಳಿದ್ದನ್ನು ಇಬ್ಬರ ತಲೆಯೂ ಕೇಳಿಸಿಕೊಂಡಿತ್ತು. ಕೈ ಕೇಳಿಸಿಕೊಂಡಿರಲಿಲ್ಲ. ಪ್ರತಿ ಸರದಿಗೂ ಫ್ಲಾಸ್ಕು ಅದರ ಹಳೇ ಜಾಗಕ್ಕೆ ಹೋಗಿ ಕೂರುತ್ತಿತ್ತು.

ಕಾಕುಪೆ ಬೆಟ್ಟದ ಬುಡದ ತಿರುವಿನಲ್ಲಿ ಅದು ಉರುಳಿತು. ಬಾಯಿ ಮೇಲಿದ್ದ ಚೀಲ ನೀರನ್ನೆಲ್ಲ ಹಿಡಿದಿಟ್ಟುಕೊಂಡು ಪುಟ್ಟ ಬಾವಿಯಾಯಿತು, ಬಾವಿಯಲ್ಲಿ ಮಾಡ್ಯೂಲ್ ಮುಳುಗಿತು. ಕಾರು ಮೂರನೇ ಗೇರಿಗೆ ಬಿತ್ತು. ಮುಂದೆ ಆಕಾಶಕ್ಕೆ ಏಣಿ ಇಟ್ಟಂಥ ಏರು.

"ಅದೇ ಗೇರಲ್ಲಿ ಹತ್ತಿಸಿದ್ರೆ ಗೇರ್‌ಬಾಕ್ಸೂ ಸುಟ್ಟೋಗತ್ತೆ," ಫೋನಿನಲ್ಲಿ ಫಿದೆಲಿನೊ ಹೇಳಿದ. "ಪಕ್ಕಕ್ಕೆ ಹಾಕಿ. ನನ್ನ ಕೈಲಿ ಇವತ್ತು ಏನೂ ಆಗಲ್ಲ ಮಾವ, ಗುಜರಿಯವನು ಬಾಗ್ಲು ಎಳೆದು ಊರಿಗೆ ಹೋದ."

ಎಲಿಹಿಯೊ ಇಳಿದು ಬಾನೆಟ್ ಎತ್ತಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ತುಂಬ ಹೊತ್ತು ನೋಡಿದ. ಆಮೇಲೆ ಮುಚ್ಚಿದ. ಬೆರ್ನಾರ್ದಾ ಮಡಿಲಲ್ಲಿ ಚೀಸಿನ ಗಂಟು ಇಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಚೀಸು ಬಿಸಿಲಿಗೆ ಬೆವರುತ್ತಿತ್ತು.

"ಅಮ್ಮ ಇಷ್ಟೊತ್ತಿಗೆ ಒಲೆಗೆ ಸೌದೆ ಹಾಕಿರ್ತಾಳೆ," ಎಂದಳು. ಅವನು ರಸ್ತೆಯಂಚಿಗೆ ಹೋಗಿ ನಿಂತ.

ತವರಿನ ದಾರಿಯ ಬಸ್ಸೊಂದು ಬಂತು. ಬಾಗಿಲಲ್ಲೂ ಜನ ನೇತಾಡುತ್ತಿದ್ದರು. ಎಲಿಹಿಯೊ ರಸ್ತೆ ಮಧ್ಯೆ ನಿಂತು ಎರಡೂ ಕೈ ಎತ್ತಿದ. ಹೆಂಗಸರು ಮೇಲಿನಿಂದ ಎಳೆದರು, ಅವನು ಕೆಳಗಿನಿಂದ ತಳ್ಳಿದ, ಮಂಡಿ ನೋವಿಗೆ ಬೆರ್ನಾರ್ದಾ ಹಲ್ಲು ಕಚ್ಚಿದಳು, ಅಂತೂ ಒಳಗೆ ಸೇರಿದಳು.

"ನೀವೂ ಹತ್ತಿ ರೀ."

"ನೀನು ಹೋಗು."

ಮಾತು ಕೊಟ್ಟವನು ರಸ್ತೆಬದಿಯಲ್ಲಿ ಉಳಿದ. ಬಸ್ಸು ಬೆಟ್ಟವನ್ನು ಲೀಲಾಜಾಲವಾಗಿ ಹತ್ತಿತು.

ಮರುದಿನ ಬೆಳಿಗ್ಗೆ ಬೆರ್ನಾರ್ದಾಳ ತಮ್ಮ ಸೆಲ್ಸೊ ತನ್ನ ಪಿಕಪ್ಪಿನಲ್ಲಿ ಹಗ್ಗವನ್ನೂ ಬಟ್ಟೆಯಲ್ಲಿ ಸುತ್ತಿದ ಚಿಪಾಗಳನ್ನೂ ಹಾಕಿಕೊಂಡು ಬಂದ. ಭಾವ ಡ್ರೈವರ್ ಸೀಟಿನಲ್ಲೇ ಕುತ್ತಿಗೆ ವಾಲಿಸಿಕೊಂಡು ಕೂತಿದ್ದ.

"ಭಾವಾ, ಅಲ್ಲಿ ನಿಮ್ಮ ಕತೆ ಕೇಳ್ಬೇಕು," ಎಂದ ಸೆಲ್ಸೊ ಚಿಪಾ ಕೈಗಿಡುತ್ತ. "ಅಕ್ಕ ಹಿಟ್ಟು ಕಲಸ್ತಾ ಹೇಳಿದ್ಲು, ಇಡೀ ಕೇರಿ ಒಲೆ ಮುಂದೆ ನಿಂತು ಕೇಳ್ತು. ಮುಳುಗೋ ಹಡಗು ಬಿಡದ ನಾವಿಕ ಅಂದ್ರು. ಕಷ್ಟದಲ್ಲಿ ಕಾರನ್ನೇ ಕೈಬಿಡದವನು ಹೆಂಡ್ತೀನ ಬಿಡ್ತಾನಾ ಅಂತ ಅಮ್ಮ ಏಪ್ರನ್ನಲ್ಲಿ ಕಣ್ಣೊರೆಸ್ಕೊಂಡ್ಲು. ಪಾದ್ರಿಗಳು ಭಾನುವಾರದ ಪ್ರವಚನಕ್ಕೆ ತಗೋತಾರಂತೆ. ನಿಜ ಹೇಳಿ, ರಾತ್ರಿಯೆಲ್ಲಾ ಇಲ್ಲೇ ಕೂತಿರೋಕೆ ಅಂಥ ಮನಸ್ಸು ಎಲ್ಲಿಂದ ಬಂತು?"

ಎಲಿಹಿಯೊ ಚಿಪಾ ಮುರಿದು, ಅಗಿದು, ನುಂಗಿದ.

"ಬಾಗ್ಲು ಲಾಕ್ ಆಗ್ತಿರ್ಲಿಲ್ಲ," ಎಂದ.