ಉಗುರುಬಣ್ಣದ ಮೊಹರು

ಟಿಕ್, ಟಕ್. ಟಿಕ್, ಟಕ್. ಐಡೆಲಾ ಟೀಟರಳ ಮನೆಗೆ ಅಂಟಿದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ನಸುಕಿನಲ್ಲೇ ಸದ್ದು ಮಾಡುತ್ತಿತ್ತು. ಟಿಕ್ ಎಂದರೆ ಹೀರುವುದು, ಟಕ್ ಎಂದರೆ ಬಿಡುವುದು. ಹೀರುವ ಹೊತ್ತು ತುಸು ಹೆಚ್ಚಾದರೂ ಹಸು ಒದೆಯುತ್ತದೆ. ಇಪ್ಪತ್ತಾರು ವರ್ಷ ಆ ಸದ್ದಿನ ಜೊತೆ ಬಾಳಿದವಳಿಗೆ, ಯಂತ್ರ ಕೆಡುವ ಮೊದಲೇ ಕಿವಿಯಲ್ಲಿ ಸುದ್ದಿ ಸಿಗುತ್ತಿತ್ತು.

ಹಾಲು ಕರೆದು ಕೈತೊಳೆದು, ಎಂಟಕ್ಕೆ ಅವಳು ವಿದ್ಯುತ್ತಿನಿಂದ ನುಡಿಯುವ ಸಿಂಥಸೈಜರ್ ವಾದ್ಯಗಳ ಕಾರ್ಖಾನೆಗೆ ಹೋಗುತ್ತಿದ್ದಳು. ಅದು 1974. ನ್ಯೂಯಾರ್ಕ್ ರಾಜ್ಯದ ಆ ಸಣ್ಣ ಊರಿನ ಹಳೆಯ ಪೀಠೋಪಕರಣದ ಅಂಗಡಿಯಲ್ಲಿ ಏಳು ಜನ ಸೇರಿ ತಂತಿಗಳಿಂದ ಸ್ವರ ಕಟ್ಟುತ್ತಿದ್ದರು. ಐಡೆಲಾಳದ್ದು ಬೆಸುಗೆಯ ಮೇಜು. ಎಂಜಿನಿಯರ್ ವೆಂಡೆಲ್ ಸ್ವರದ ಅಲೆ ತೋರಿಸುವ ಪರದೆ ನೋಡಿ ಪುಟ್ಟ ತಿರುಪುಗಳನ್ನು ಸರಿಮಾಡಿದ ಮೇಲೆ, ಅವು ಅಲುಗದಂತೆ ಕೆಂಪು ಉಗುರುಬಣ್ಣದ ಒಂದೊಂದು ತೊಟ್ಟು ಇಡುವುದೂ ಅವಳದೇ ಕೆಲಸ. ತೊಟ್ಟು ಬಿದ್ದ ತಿರುಪನ್ನು ಯಾರೂ ಮುಟ್ಟುವಂತಿಲ್ಲ. ತನ್ನ ಉಗುರಿಗೆ ಮಾತ್ರ ಅವಳೆಂದೂ ಬಣ್ಣ ಹಚ್ಚಿದವಳಲ್ಲ.

ಅಂದು ಮಧ್ಯಾಹ್ನ ಸಿರಕ್ಯೂಸ್‌ನಿಂದ ಹೋಬರ್ಟ್ ಪೆಲ್ ಬಂದಿದ್ದ. ಅವನ ನಾಟಕ ಮಂದಿರಗಳಿಗೆ ಪಿಟೀಲು ಮೇಳದಂತೆ ನುಡಿಯುವ ಹನ್ನೆರಡು ವಾದ್ಯಗಳು ಬೇಕಿದ್ದವು. ಅವನು ಒಲ್ಲೆನೆಂದರೆ ಮುಂದಿನ ವಾರ ಕಾರ್ಖಾನೆಗೆ ಬೀಗ. ಇದು ಏಳು ಜನರಿಗೂ ಗೊತ್ತಿತ್ತು.

ವೆಂಡೆಲ್ ವಾದ್ಯದ ಒಂದು ಸ್ವರ ಒತ್ತಿದ. ಪರದೆಯ ಮೇಲೆ ಅಲೆ ಕೋಟೆಯ ತೆನೆಗಳ ಹಾಗೆ ನಿಂತಿತು. ಮೇಲೆ ಎಷ್ಟು ಹೊತ್ತೋ ಕೆಳಗೂ ಅಷ್ಟೇ ಹೊತ್ತು, ಕೂದಲೆಳೆಯ ವ್ಯತ್ಯಾಸವಿಲ್ಲ.

“ನೋಡಿ, ಎಷ್ಟು ಅಚ್ಚುಕಟ್ಟಾಗಿದೆ,” ಎಂದ ವೆಂಡೆಲ್.

“ನೋಡೋಕೆ ಚೆನ್ನಾಗಿದೆ ಕಣಪ್ಪ. ಕೇಳೋಕೆ ಶೀತ ಆದ ಕ್ಲಾರಿನೆಟ್ ಥರ ಇದೆ,” ಎಂದು ಪೆಲ್ ಕೋಟಿನ ತೋಳಿಗೆ ಕೈ ತೂರಿಸಿದ.

ಐಡೆಲಾ ಎದ್ದಳು. “ವೆಂಡೆಲ್, ಬೆರಳು ತೆಗೀಬೇಡ. ಹಾಗೇ ಒತ್ತಿ ಹಿಡಿ.”

ವಾದ್ಯದೊಳಗಿನ ಒಂದು ತಿರುಪಿಗೆ ತನ್ನ ಕೈಯಾರೆ ಇಟ್ಟ ಕೆಂಪು ತೊಟ್ಟನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಡೆದಳು.

“ಅಯ್ಯೋ ಐಡೆಲಾ, ಅದನ್ನ ಮುಟ್ಟಬಾರದು ಅಂತ ನಿಮಗೇ ಗೊತ್ತಲ್ರೀ.”

“ಗೊತ್ತು. ಮೊಹರು ಹಾಕಿದೋಳು ನಾನೇ ತಾನೆ?”

ತಿರುಪು ಒಂದು ಕಡೆ ಹೊರಳಿತು. ಅಲೆ ಮೇಲೆ ನಿಲ್ಲುವ ಹೊತ್ತು ಕಿರಿದಾದಂತೆ ಸ್ವರ ತೆಳ್ಳಗಾಗಿ, ಮೂಗಿನಲ್ಲಿ ಹಾಡಿದಂತಾಯಿತು. ಹಿಂದಕ್ಕೆ ಹೊರಳಿಸಿದಳು, ದುಂಡಗಾಯಿತು. ಆಮೇಲೆ ಅವಳ ಕೈ ನಿಲ್ಲಲಿಲ್ಲ. ನಿಧಾನ ಅತ್ತ, ನಿಧಾನ ಇತ್ತ. ಒಂದೇ ಸ್ವರ ಎರಡಾಯಿತು, ಹತ್ತಾಯಿತು. ಹತ್ತು ಕಮಾನುಗಳು ಒಟ್ಟಿಗೆ ಎದ್ದು, ಒಂದಕ್ಕೊಂದು ತುಸುವೇ ಹಿಂದುಮುಂದಾಗಿ ಇಳಿದಂತೆ ಕೋಣೆ ತುಂಬಿತು.

ಪೆಲ್‌ನ ಕೈ ಕೋಟಿನ ತೋಳಿನಲ್ಲೇ ನಿಂತಿತ್ತು. “ಏನು ಮಾಡಿದ್ರಿ ತಾಯಿ?”

“ಏನಿಲ್ಲ. ಮೇಲಿನ ಹೊತ್ತು, ಕೆಳಗಿನ ಹೊತ್ತು. ನಮ್ಮ ಹಸುಗಳಿಗೆ ಅದು ಬದಲಾದ್ರೆ ಆಗಲ್ಲ. ಇದಕ್ಕೆ ಬದಲಾಗದಿದ್ರೆ ಆಗಲ್ಲ.”

ವೆಂಡೆಲ್ ಪರದೆಯನ್ನು ನೋಡಲಿಲ್ಲ, ಅವಳ ಕೈಯನ್ನು ನೋಡಿದ. “ದಿನವಿಡೀ ನೀವು ತಿರುಗಿಸ್ತಾ ಕೂರೋಕೆ ಆಗುತ್ತಾ?”

“ಸ್ವರ ನಡುಗಿಸೋಕೆ ಅಂತ ನೀನೇ ಒಂದು ನಿಧಾನದ ಅಲೆ ಇಟ್ಟಿದ್ದೀಯಲ್ಲಪ್ಪ. ತಿರುಗಿಸೋ ಕೆಲಸ ಅದಕ್ಕೆ ಕೊಡು.”

ಒಂದು ತಂತಿ ಸಿಕ್ಕಿಸಿ ಅವಳು ಕೈ ಬಿಟ್ಟಳು. ಸ್ವರ ತಾನೇ ಉಸಿರಾಡತೊಡಗಿತು. ಪೆಲ್ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಕುಳಿತ. “ಹನ್ನೆರಡೂ ಹೀಗೇ ಇರಲಿ,” ಎಂದ. ಹಿಂದಿನ ಮೇಜುಗಳಲ್ಲಿ ಯಾರೋ ಕಾಫಿ ಲೋಟದಿಂದ ಮೇಜು ಬಡಿದರು; ಆಮೇಲೆ ಎಲ್ಲರೂ ಬಡಿದರು.

ಮೇಜಿನ ಸದ್ದು ಅಡಗಿದ ಮೇಲೆ ವೆಂಡೆಲ್ ಉಗುರುಬಣ್ಣದ ಬಾಟಲಿ ಚಾಚಿದ. “ಹಾಗಾದ್ರೆ ಈಗ ಮೊಹರು ಹಾಕಿಬಿಡಿ.”

ನಾಲ್ಕೂವರೆಯಾಗಿತ್ತು, ಹಸುಗಳು ಕಾಯುತ್ತಿದ್ದವು. ಐಡೆಲಾ ಬಾಟಲಿಯನ್ನು ಅವನ ಜೇಬಿಗೇ ಇಳಿಸಿ ಬಾಗಿಲಿನತ್ತ ಹೊರಟಳು. “ಇದಕ್ಕೆ ಮೊಹರು ಬೇಡ. ಮುಂದುಗಡೆ ಒಂದು ತಿರುಗಿಸೋ ಗುಂಡಿ ಇಡು, ನುಡಿಸೋರ ಎಡಗೈಗೆ ಸಿಗೋ ಹಾಗೆ, ಯಾಕಂದ್ರೆ ಬಲಗೈ ಹೇಗಿದ್ರೂ ಆಗ ಸ್ವರ ಒತ್ತುತ್ತಿರುತ್ತೆ…” ಮೆಟ್ಟಿಲಿಳಿದು ಹಿಮ ತುಳಿಯುತ್ತ ಹೋಗುವಾಗಲೂ ಅವಳು ಹೇಳುತ್ತಲೇ ಇದ್ದಳು, “…ಮತ್ತೆ ಅದನ್ನ ಪೂರ್ತಿ ತಿರುಗಿಸಿದ್ರೆ ಸ್ವರಾನೇ ನಿಂತುಹೋಗುತ್ತೆ, ಅದಕ್ಕೆ—”