ಮೀನೆಣ್ಣೆ ಹಚ್ಚಿದ ಸುತಳಿ

ಸಾಹೇಬರ ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಯಾವಾಗಲೂ ಸುತಳಿಯ ಒಂದು ಎಳೆ ಸಿಕ್ಕಿಕೊಂಡಿರುತ್ತಿತ್ತು. ಹುಲ್ಲಿನ ಪೆಂಡಿಗೆ ಯಂತ್ರ ಹಾಕಿದ ಗಂಟನ್ನು ಅವರು ಬಗ್ಗಿ, ಹಲ್ಲಿನಿಂದ ಕಚ್ಚಿ, ಎಳೆದು ನೋಡುತ್ತಿದ್ದರು. ಗಂಟು ಬಿಚ್ಚಿದರೆ ಥೂ ಎಂದು ಉಗುಳುತ್ತಿದ್ದರು, ಬಿಚ್ಚದಿದ್ದರೂ ಉಗುಳುತ್ತಿದ್ದರು. ಆ ಸುತಳಿಗೆ ಮೀನೆಣ್ಣೆ ಹಚ್ಚಿತ್ತು. ಅವರು ಜನ್ಮದಲ್ಲಿ ಮೀನು ತಿಂದವರಲ್ಲ. ಹಚ್ಚಿದವರೂ ಅವರೇ. ಇಷ್ಟನ್ನು ನೆನೆದರೆ ಸಾಕು, ಇವತ್ತಿಗೂ ನಾನು ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿದ ನಾನು ಬೈಲಹೊಂಗಲದ ನಮ್ಮ ಮನೆಯಲ್ಲಿ ಕೂತು, ಹೋಗುವವರು ಬರುವವರ ಜೊತೆಗೆಲ್ಲ ವಾದ ಮಾಡುತ್ತಿದ್ದೆ. ನನ್ನ ಕಾಟ ತಾಳಲಾರದೆ ಅಪ್ಪ ಯಾರನ್ನೋ ಹಿಡಿದು, ಮನೋಳಿ ಕಡೆಯ ಒಂದು ಸರಕಾರಿ ದನದ ಫಾರ್ಮಿನಲ್ಲಿ ಉಗ್ರಾಣದ ಗುಮಾಸ್ತನ ಕೆಲಸ ಕೊಡಿಸಿದರು. ಅಲ್ಲಿಯ ಮೇಲಧಿಕಾರಿ ಇವರು. ಎಲ್ಲರ ಬಾಯಲ್ಲೂ ಸಾಹೇಬರು. ಕಾಲರಿಗೆ ಬೆವರಿನ ಕಪ್ಪು ಪಟ್ಟಿ, ಕಿವಿಯಲ್ಲಿ ಹುಲ್ಲಿನ ದೂಳು, ಮಾತಿನ ನಡುವೆ ಉಗುಳು. ಅವರ ಮೇಜಿನ ಮೇಲೆ ಕಾಗದ ಇಡುವಾಗ ಮೊದಲು ಮೇಜು ಒರೆಸಬೇಕಿತ್ತು.

ಆ ಫಾರ್ಮಿಗೆ ಪರದೇಶದವರು ಬಳಸಿ ಸಾಕಾಗಿ ದಾನ ಕೊಟ್ಟ ಒಂದು ಯಂತ್ರ ಬಂದಿತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದರೆ ಅದು ನೆಲದ ಮೇಲಿನ ಒಣಹುಲ್ಲನ್ನು ಬಾಚಿ, ಒತ್ತಿ, ಚೌಕದ ಪೆಂಡಿ ಮಾಡಿ, ತಾನೇ ಸುತಳಿ ಸುತ್ತಿ ಗಂಟು ಹಾಕುತ್ತಿತ್ತು. ಕೆಂಪು ಬಣ್ಣದ್ದೆಂದು ನನ್ನ ನೆನಪು. ತುಕ್ಕನ್ನೇ ನಾನು ಕೆಂಪೆಂದು ನೆನಪಿಟ್ಟಿರಲೂಬಹುದು. ಅದರ ಜೀವವೆಲ್ಲ ಗಂಟಿನಲ್ಲಿತ್ತು. ಸುತಳಿಯ ಎರಡು ತುದಿಗಳನ್ನು ಒಂದು ಹಲ್ಲುಚಕ್ರ ಬಿಗಿಯಾಗಿ ಹಿಡಿದುಕೊಳ್ಳಬೇಕು, ಹಕ್ಕಿಯ ಕೊಕ್ಕಿನಂಥ ಕಬ್ಬಿಣದ ತುಂಡು ಗಿರ್ರನೆ ತಿರುಗಿ ಗಂಟು ಕಟ್ಟಬೇಕು, ಚೂರಿ ಕತ್ತರಿಸಬೇಕು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಷ್ಟೂ ಆಗಬೇಕು. ಒಂದು ತಪ್ಪಿದರೆ ಪೆಂಡಿ ಒಡೆದು ಹುಲ್ಲು ಹೊಲದ ತುಂಬ ಚೆಲ್ಲುತ್ತದೆ.

ಸಾಹೇಬರು ಆ ಯಂತ್ರವನ್ನು ರಿಪೇರಿ ಮಾಡುವ ರೀತಿಗೆ ಒಂದು ಕಟ್ಟುನಿಟ್ಟಿತ್ತು. ಯಾರಾದರೂ ಅವಸರದಲ್ಲಿ ಎರಡು ನಟ್ಟು ಒಟ್ಟಿಗೆ ತಿರುವಿದರೆ ಮೈಮೇಲೆ ಬರುತ್ತಿದ್ದರು. "ಒಂದ ತಿರುವ್ರಿ, ಒಂದ ಪೆಂಡಿ ನೋಡ್ರಿ. ಎರಡೂ ಕೂಡೇ ತಿರುವಿದ್ರ ಯಾವುದರಿಂದ ಸುಧಾರಿಸ್ತು ಅಂತ ಯಾರಿಗೆ ಕೇಳ್ತೀರಿ, ಹುಲ್ಲಿಗೇನು?" ವಿಶ್ವವಿದ್ಯಾಲಯದಲ್ಲಿ ಇದನ್ನೇ ನಮಗೆ ದೊಡ್ಡ ಹೆಸರಿಟ್ಟು ಕಲಿಸಿದ್ದರು. ಸಾಹೇಬರು ಅದನ್ನು ಉಗುಳು ಸಿಡಿಸುತ್ತ ಹೇಳುತ್ತಿದ್ದರು, ನಾನು ಹಿಂದೆ ಸರಿದು ಕೇಳುತ್ತಿದ್ದೆ.

ನಾನು ಸೇರಿದ ವರ್ಷದ ನಾಗರಪಂಚಮಿಗೆ ಕೆಲಸಗಾರರ ಕ್ವಾರ್ಟರ್ಸಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳು ಜೀಕುತ್ತಿದ್ದರು. ಹಬ್ಬದ ಉಂಡಿ ತಿನ್ನಲು ಕರೆದಿದ್ದರೆಂದು ಬಂದ ಸಾಹೇಬರು ಜೋಕಾಲಿಯ ಹಗ್ಗ ನೋಡಿ ನಿಂತುಬಿಟ್ಟರು. ಹಳದಿ ಬಣ್ಣದ, ಮೂರೆಳೆ ಹೆಣೆದ ಹಗ್ಗ. ಹತ್ತಿರ ಹೋಗಿ, ಮರಕ್ಕೆ ಕಟ್ಟಿ ಉಳಿದ ತುದಿಯನ್ನು ಕಚ್ಚಿ ನೋಡಿದರು.

"ಇದು ಸರಕಾರದ ಸುತಳಿ!"

ಜೋಕಾಲಿಯ ಮೇಲಿದ್ದ ಒಬ್ಬ ಹೆಂಗಸು ಜೀಕುವುದನ್ನು ನಿಲ್ಲಿಸದೆಯೇ, "ಸರಕಾರದ್ದಾದ್ರೇನ್ರಿ ಸಾಹೇಬ್ರ, ಮ್ಯಾಲ ಹೋಗಾಕ ಅರ್ಜಿ ಕೊಡಬೇಕೇನು?" ಎಂದಳು. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಅಲ್ಲಿಂದ ಮನೆಮನೆಯ ಅಡುಗೆಮನೆ ಇಣುಕಿದರು. ಹಾಲು ಬೆಣ್ಣೆ ತೂಗಿಬಿಡುವ ನೆಲುವುಗಳೆಲ್ಲ ಅದೇ ಸುತಳಿಯವು.

ಮರುದಿನ ಕರುಗಳಿಗೆ ಕುಡಿಸಲೆಂದು ಬಂದಿದ್ದ ಮೀನೆಣ್ಣೆಯ ಡಬ್ಬಿಗಳನ್ನು ನನ್ನ ಉಗ್ರಾಣದಿಂದ ಹೊರಗೆ ತರಿಸಿದರು. ಕ್ವಾರ್ಟರ್ಸಿನ ಮನೆಗಳಲ್ಲಿ ಹೆಚ್ಚಿನವು ಮೀನು ಮುಟ್ಟದವು. "ಈಗ ಒಯ್ಯಲಿ ನೋಡೂಣು. ಮೀನೆಣ್ಣಿ ನೆಲುವಿನ್ಯಾಗ ಹಾಲ ಹೆಂಗ ಇಡತಾರ, ನಾನೂ ನೋಡತೇನಿ" ಎಂದು, ಮೊಳಕೈವರೆಗೆ ತೋಳು ಮಡಚಿ, ಬೇರೆ ಯಾರನ್ನೂ ನಂಬದೆ, ಇದ್ದ ಸುತಳಿ ಉಂಡೆಗಳನ್ನೆಲ್ಲ ತಾವೇ ಒಂದೊಂದಾಗಿ ಎಣ್ಣೆಯಲ್ಲಿ ಅದ್ದಿದರು. ಉಗ್ರಾಣ ನಾರತೊಡಗಿತು. ನೊಣಗಳು ಗೋಡೆಗೆ ಬಣ್ಣ ಬಳಿದಂತೆ ಕೂತವು. ಊರ ಬೆಕ್ಕುಗಳೆಲ್ಲ ಬಾಗಿಲಿಗೆ ಬಂದು ಅಳುತ್ತಿದ್ದವು. ನಾನು ಮೂಗಿಗೆ ಕರವಸ್ತ್ರ ಹಿಡಿದದ್ದು ಕಂಡು ಸಾಹೇಬರು, "ಏನ್ರಿ ಎಂ.ಎ., ನಿಮ್ಮ ಯುನಿವರ್ಸಿಟಿಯೊಳಗ ಜಗತ್ತು ಐತೋ ಇಲ್ಲೋ ಅಂತ ಸಂಶೆ ಪಡೂದು ಕಲಿಸ್ಯಾರ. ಇಲ್ಲಿ ಸುತಳಿ ಐತೋ ಇಲ್ಲೋ ಅಷ್ಟ ನೋಡ್ಕೋರಿ, ಸಾಕು" ಎಂದರು.

ಕಳವು ನಿಂತಿತು. ಮಳೆಗಾಲ ಮುಗಿದು ಹುಲ್ಲು ಕೊಯ್ದು ಒಣಗಿಸಿ ಯಂತ್ರ ಹೂಡಿದಾಗ ಗಂಟೂ ನಿಂತಿತು.

ಕೆಲವು ಪೆಂಡಿಗಳಲ್ಲಿ ಗಂಟಿಗೆ ಒಂದೇ ತುದಿ ಸಿಕ್ಕಿರುತ್ತಿತ್ತು, ಇನ್ನೊಂದು ಜಾರಿಹೋಗಿರುತ್ತಿತ್ತು. ಹಲ್ಲುಚಕ್ರದ ಸ್ಪ್ರಿಂಗು ಬಿಗಿ ಮಾಡಿದರೆ ಸುತಳಿ ಜಜ್ಜಿ ಹರಿಯುತ್ತಿತ್ತು. ಸಡಿಲ ಮಾಡಿದರೆ ಮತ್ತೆ ಜಾರುತ್ತಿತ್ತು. ಒಡೆದ ಪೆಂಡಿಗಳ ಮೇಲೆ ಒಂದು ಅಕಾಲದ ಮಳೆ ಬಿದ್ದು ಹುಲ್ಲು ಕೊಳೆಯಿತು. ಕೊಳೆತ ಹುಲ್ಲು, ಮೀನೆಣ್ಣೆ, ಬೆವರು. ಆ ಹೊಲದಲ್ಲಿ ನಾನು ಬಾಯಿಂದ ಉಸಿರಾಡುತ್ತಿದ್ದೆ.

ಸಾಹೇಬರ ಗುಮಾನಿ ಟ್ರ್ಯಾಕ್ಟರ್ ಡ್ರೈವರನ ಮೇಲೆ ಹೋಯಿತು. ಅವನು ಸಾಲಹಳ್ಳಿಯವನು, ಆ ಬೇಸಿಗೆಯಲ್ಲಷ್ಟೇ ಹಂಗಾಮಿಯಾಗಿ ಸೇರಿದವನು. ಹೆಂಡತಿ ಹಸುಗೂಸು ಕಟ್ಟಿಕೊಂಡು ಅದೇ ಹೊಲದಲ್ಲಿ ಹುಲ್ಲು ಬಾಚುತ್ತಿದ್ದಳು. ಹುಲ್ಲಿನ ಕೆಲಸ ಮುಗಿದ ಮೇಲೆ ಅವನನ್ನು ಕಾಯಂ ಮಾಡುವುದೋ ಬಿಡುವುದೋ ಸಾಹೇಬರ ಒಂದು ಮಾತಿನ ಮೇಲಿತ್ತು.

"ಬೀಡಿ ಸೇದಾಕ ಪುರಸೊತ್ತು ಬೇಕಂತ ನೀನ ಸಡಿಲ ಮಾಡ್ತಿ, ಮಗನ."

"ನನ್ನ ಹೊಟ್ಟಿ ಮ್ಯಾಲ ನಾನ ಯಾಕ ಕಲ್ಲ ಹಾಕ್ಕೋತೇನ್ರಿ, ಸಾಹೇಬ್ರ?"

"ಹುಲ್ಲು ಮುಗಿಯೂದರಾಗ ಗಂಟು ಬೀಳಬೇಕು. ಇಲ್ಲಂದ್ರ ಕಾಯಮ್ ಹೋಗ್ಲಿ, ಹಂಗಾಮೀನೂ ಇಲ್ಲ. ಗಂಟುಮೂಟಿ ಕಟ್ಟು."

ಆಮೇಲೆ ಅವರು ತಮ್ಮ ರೀತಿಯಲ್ಲಿ ಹುಡುಕತೊಡಗಿದರು. ಚೂರಿ ಮಸೆದರು, ಒಂದು ಪೆಂಡಿ ನೋಡಿದರು. ಕೊಕ್ಕಿನ ತುಕ್ಕು ಉಜ್ಜಿದರು, ಒಂದು ಪೆಂಡಿ ನೋಡಿದರು. ಕೊನೆಗೆ ಡ್ರೈವರನನ್ನು ಇಳಿಸಿ ತಾವೇ ಟ್ರ್ಯಾಕ್ಟರ್ ನಡೆಸಿದರು. ಪೆಂಡಿ ಒಡೆಯಿತು. "ಮದಲ ಏನೋ ಬಗ್ಗಿಸಿ ಇಟ್ಟಾನ" ಎಂದರು. ಪ್ರತಿ ಸಲವೂ ಆ ಎಣ್ಣೆಯ ಗಂಟನ್ನು ಕಚ್ಚುತ್ತಿದ್ದರು, ಉಗುಳುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಅವರ ಬಾಯಲ್ಲೇ ಇತ್ತು. ನಾವು ಅಷ್ಟು ಜನ ಮೂಗು ಮುಚ್ಚಿಕೊಂಡು ನಿಂತಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲವನ್ನೂ ಸಂಶಯಿಸಲು ಕಲಿತ ನನಗೂ ಹೊಳೆಯಲಿಲ್ಲ. ಅಸಹ್ಯ ಪಡುವುದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಗಿತ್ತು.

ಒಂದು ಮಧ್ಯಾಹ್ನ ಅವರು ಜಾಲಿಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹಲ್ಲಿನ ಸಂದಿಯ ಎಳೆಯನ್ನು ಉಗುರಿನಿಂದ ಎಳೆದು ತೆಗೆದರು. ಬೆರಳಿಂದ ಬೆರಳಿಗೆ ಹೊಸೆದರು. ಅದು ಜಾರಿತು. ಮತ್ತೆ ಹೊಸೆದರು, ಮತ್ತೆ ಜಾರಿತು. ಆಮೇಲೆ ಎದ್ದು ಬಂದು ಎಲ್ಲರ ಮುಂದೆ ನಿಂತರು.

"ನಾ ಬದಲ ಮಾಡಿ ನೋಡದ್ದು ಒಂದ ಉಳದೈತಿ, ಸುತಳಿ. ಎಣ್ಣಿ ಹತ್ತದ ಉಂಡಿ ಬೇಕು. ಸ್ಟೋರಿನ್ಯಾಗ ಒಂದೂ ಇಲ್ಲ, ಎಲ್ಲಾ ನಾನ ಅದ್ದೇನಿ. ಯಾರ ಮನ್ಯಾಗ ಐತಿ?"

ಇದೆ ಎಂದವನು ಕಳ್ಳ. ಕಳ್ಳರ ಬೆನ್ನು ಹತ್ತಿದ್ದ ಮನುಷ್ಯ ಈಗ ಒಬ್ಬ ಕಳ್ಳನನ್ನು ಬೇಡುತ್ತ ನಿಂತಿದ್ದರು. ಜನ ತಮ್ಮ ತಮ್ಮ ಕಾಲು ನೋಡಿಕೊಂಡರು. ಡ್ರೈವರನ ಹೆಂಡತಿ ಗಂಡನ ಕಡೆ ನೋಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಅವಳು ಕೂಸನ್ನು ಪಕ್ಕದವಳ ಉಡಿಗೆ ಹಾಕಿ ಕ್ವಾರ್ಟರ್ಸಿನ ಕಡೆ ಹೊರಟಳು.

ಮರಳಿ ಬಂದಾಗ ಸೆರಗಿನಡಿ ಒಂದು ಉಂಡೆ ಇತ್ತು. ಹಳದಿ, ಒಣ, ಸ್ವಲ್ಪ ಬಳಸಿದ್ದು. ಅಷ್ಟರಲ್ಲಿ ಟ್ರ್ಯಾಕ್ಟರ್ ಶುರುವಾಗಿತ್ತು. ನಾನು ಆ ಸದ್ದಿನಲ್ಲಿ ಯಂತ್ರದ ಬಳಿ ಇದ್ದೆ. ಸಾಹೇಬರು ಅವಳೆದುರು ಹೋಗಿ ಏನೋ ಅಂದರು, ಅವಳು ಏನೋ ಅಂದಳು, ಅವರು ಇನ್ನೇನೋ ಅಂದು ಉಂಡೆ ತೆಗೆದುಕೊಂಡರು. ಮುಂದೆ ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನನ್ನ ಕಥೆಯ ಸಾಹೇಬರು ಅಲ್ಲಿ ಹೀಗೆ ಅನ್ನುತ್ತಿದ್ದರು: "ಎಲ್ಲಿಂದ ಬಂತು ಅಂತ ನಾ ಕೇಳೂದಿಲ್ಲ, ನೀನೂ ಹೇಳಬ್ಯಾಡ." ಕೇಳಿದವರು ತಲೆದೂಗುತ್ತಿದ್ದರು.

ಆ ಒಣ ಉಂಡೆಯನ್ನು ಯಂತ್ರಕ್ಕೆ ಹಾಕಿದರು. ಪೆಂಡಿ ಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದೂ ಒಡೆಯಲಿಲ್ಲ. ಸಾಹೇಬರು ಗಂಟು ಕಚ್ಚಿ ಎಳೆದು ನೋಡಿದರು. ಉಗುಳಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಲು ಹೇಳಿ, "ಗಂಟು ಕೆಡಿಸಿದಾವ ನಾನು. ಡ್ರೈವರ್ ಅಲ್ಲ. ಇವನ್ನ ಕಾಯಮ್ ಮಾಡ್ರಿ ಅಂತ ಇವತ್ತ ಬರೀತೇನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಬರೆದರು ಕೂಡ. ಡ್ರೈವರ್ ಇಳಿದು ಬಂದು, ಹುಲ್ಲಿನ ಮೇಲೆ ಕೂತು, ಕಿವಿಯ ಮೇಲಿನ ಬೀಡಿ ತೆಗೆದ. ಹೆಂಡತಿ, "ಏಳ್ರಿ, ಇನ್ನ ಹುಲ್ಲು ಬಿದ್ದೈತಿ" ಎಂದು ಕೂಸನ್ನು ಎತ್ತಿಕೊಂಡಳು.

ಆಮೇಲಿನದು ನೆನಪಾಗುವುದೇ ಬೇಡ. ಎಣ್ಣೆ ಹತ್ತಿದ ಉಂಡೆಗಳನ್ನೆಲ್ಲ ಬಿಚ್ಚಿ, ಬೇಲಿಯುದ್ದಕ್ಕೂ ಹರವಿ, ಬಿಸಿ ಬೂದಿಯಿಂದ ಉಜ್ಜಿದೆವು. ಸಾಹೇಬರು, ನಾನು, ಎಲ್ಲರೂ. ಬೇಲಿ ತುಂಬ ನೊಣ. ಕೈಯ ನಾತ ದೀಪಾವಳಿಗೂ ಹೋಗಲಿಲ್ಲ. ಬೈಲಹೊಂಗಲಕ್ಕೆ ಹೋದಾಗ ಅವ್ವ ನನ್ನ ತಾಟನ್ನು ಹಿತ್ತಲಿಗೆ ತಳ್ಳಿ, "ಎಂ.ಎ. ಓದಿ ಇದನ್ನ ಕಲತು ಬಂದಿ?" ಎಂದಳು.

ವರ್ಷಗಳಾದ ಮೇಲೆ, ಕಿತ್ತೂರು ಕಡೆಯ ತಮ್ಮ ಊರಲ್ಲಿ ಸಾಹೇಬರು ತೀರಿಕೊಂಡರೆಂದು ತಿಳಿದು ಹೋದೆ. ಮುಖ ತೊಳೆದು ವಿಭೂತಿ ಹಚ್ಚಿ ಕೂರಿಸಿದ್ದರು. ಅಷ್ಟು ಸ್ವಚ್ಛವಾಗಿ ಅವರನ್ನು ನಾನು ನೋಡಿರಲೇ ಇಲ್ಲ. ಬಾಯಿ ಮುಚ್ಚಿತ್ತು. ಹೊರಗೆ ಕಟ್ಟೆಯ ಮೇಲೆ ಡ್ರೈವರನೂ ಅವನ ಹೆಂಡತಿಯೂ ಕೂತಿದ್ದರು. ಅವನ ತಲೆ ಬೆಳ್ಳಗಾಗಿತ್ತು. ಮಾತಿಗೆ ಮಾತು ಬಂದು, ನಾನು ನನ್ನ ಕಥೆಯನ್ನು ಅವರಿಗೇ ಹೇಳಿದೆ: ಎಲ್ಲಿಂದ ಬಂತು ಅಂತ ಕೇಳದ ದೊಡ್ಡತನದ ಕಥೆಯನ್ನು.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಇಲ್ರಿ ಅಣ್ಣಾರ, ಕೇಳಿದ್ರು. 'ಕದ್ದದ್ದೇನವಾ?' ಅಂದ್ರು. 'ಹೂಂನ್ರಿ' ಅಂದೆ. 'ಛಲೋ ಮಾಡಿದಿ. ನೀ ಕದೀಲಿಲ್ಲಂದ್ರ ನಿನ್ನ ಗಂಡನ್ನ ನಾ ಸುಮ್ಮ ಸುಮ್ಮನ ಮನಿಗೆ ಕಳಸ್ತಿದ್ದೆ' ಅಂದ್ರು. ಹಿಂಗಂದು ಥೂ ಅಂತ ಉಗುಳಿದ್ರು, ನನ್ನ ಸೀರಿ ಮ್ಯಾಲ ಸಿಡೀತು."

ಡ್ರೈವರ್ ನಕ್ಕ. ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಅವಳ ನೆನಪೂ ತಪ್ಪಿರಬಹುದು. ಆದರೆ ನನ್ನ ಕಥೆಯಲ್ಲಿ ಸಾಹೇಬರು ಆಡಿದ ಮಾತು ನಾನೇ ಹೊಸೆದದ್ದು. ಅದು ಸಾಬೂನು ಹಚ್ಚಿ ತೊಳೆದ ಮಾತು. ಆ ಬಾಯಿಂದ ಅದು ಬಂದಿರಲು ಸಾಧ್ಯವಿಲ್ಲ. ನೋಡಿದ್ದನ್ನೆಲ್ಲ ಅನುಮಾನಿಸುತ್ತ ಬಂದ ನಾನು ಇದೊಂದನ್ನು ಇಷ್ಟು ವರ್ಷ ಬದಲಿಸಿ ನೋಡಿರಲಿಲ್ಲ. ಅವರಿಗೋ, ತಮ್ಮ ಕೈಯನ್ನೇ ಅನುಮಾನಿಸಲು ಒಂದು ಹಂಗಾಮು ಸಾಕಾಗಿತ್ತು.

ಈಗ ಕಥೆ ಹೇಳುವಾಗ ಅವಳ ಮಾತನ್ನೇ ಹೇಳುತ್ತೇನೆ, ಉಗುಳನ್ನೂ ಸೇರಿಸಿ. ಕೇಳಿದವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.